ಲೈಕಿನ ಲೆಕ್ಕ ಬಿಟ್ಟು, ಬರೆದದ್ದನ್ನು ಕೈಗೆ ತೆಗೆದುಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮೂರು ರಾತ್ರಿ ಕೂತು ಬರೆದ ಬರಹ ಅದು. ಮರೆವಿನ ಬಗ್ಗೆ. ಪೋಸ್ಟ್ ಮಾಡಿ ಎರಡು ಗಂಟೆ ಕಾದೆ. ನಾಲ್ಕು ಲೈಕ್ ಬಂತು. ಯಾಕೋ ನಾಚಿಕೆ ಆಯಿತು, ಅಳಿಸಿಬಿಟ್ಟೆ. ಆರೇಳು ತಿಂಗಳ ನಂತರ ಪರಿಚಯವೇ ಇಲ್ಲದ ಒಬ್ಬ ಓದುಗರು ಮೆಸೇಜ್ ಮಾಡಿದರು: "ಮರೆವಿನ ಬಗ್ಗೆ ಒಂದು ಬರೆದಿದ್ರಲ್ಲ, ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಇನ್ನೊಂದ್ಸಲ ಓದಬೇಕಿತ್ತು, ಕಳಿಸ್ತೀರಾ?" ನನ್ನ ಹತ್ತಿರ ಅದು ಇರಲಿಲ್ಲ. ಆಪ್ ತೆರೆದು ನೇರವಾಗಿ ಅದರಲ್ಲೇ ಟೈಪ್ ಮಾಡಿದ್ದೆ, ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ.

ಅವತ್ತು ಎರಡು ವಿಷಯ ಒಟ್ಟಿಗೆ ಹೊಳೆದವು. ಲೈಕ್ ಒತ್ತದವರೂ ಓದುತ್ತಾರೆ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಅದು ಯಾವ ಎಣಿಕೆಗೂ ಸಿಗುವುದಿಲ್ಲ. ಮತ್ತೆ, ಇಷ್ಟು ವರ್ಷ ನಾನು ಬರೆದದ್ದೆಲ್ಲ ಬೇರೆಯವರ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟದ್ದು. ಅಕ್ಷರ ನನ್ನದು, ಪುಸ್ತಕ ಅವರದ್ದು.

ಆಮೇಲೆ ಸುಮಾರು ಒಂದು ವರ್ಷ ತೆಗೆದುಕೊಂಡು, ತಪ್ಪುತ್ತಾ ತಿದ್ದಿಕೊಳ್ಳುತ್ತಾ ಎಲ್ಲವನ್ನೂ ನನ್ನ ಕೈಗೆ ತಂದುಕೊಂಡೆ. ನೀವು ಅಷ್ಟು ಅಲೆಯಬೇಕಿಲ್ಲ, ಒಂದೆರಡು ವಾರಾಂತ್ಯ ಸಾಕು. ಅಕೌಂಟ್ ಡಿಲೀಟ್ ಮಾಡುವುದೂ ಬೇಕಾಗಿಲ್ಲ, ನಾನೂ ಮಾಡಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

"ನನ್ನ ಬರಹದ ಹಕ್ಕು ಅವರದ್ದಾಗಿಬಿಡುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ದೊಡ್ಡ ತಾಣಗಳ ಷರತ್ತುಗಳಲ್ಲಿ ಬರಹದ ಒಡೆತನ ನಿಮ್ಮದೇ ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಆದರೆ ಅದನ್ನು ತೋರಿಸಲು, ಪ್ರತಿ ಮಾಡಲು, ಹಂಚಲು, ಇನ್ನೊಬ್ಬರಿಗೆ ಆ ಅನುಮತಿ ದಾಟಿಸಲು ನೀವು ಅವರಿಗೆ ದುಡ್ಡಿಲ್ಲದೆ ಲೈಸೆನ್ಸ್ ಕೊಟ್ಟಿರುತ್ತೀರಿ. ಅಂದರೆ ಕಾಗದದ ಮೇಲೆ ಹಕ್ಕು ಎಲ್ಲೂ ಹೋಗಿಲ್ಲ. ಹೋಗಿರುವುದು ಬೇರೆ ಮೂರು. ಒಂದು ಪ್ರತಿ: ನಿಮ್ಮ ಕಂಪ್ಯೂಟರಿನಲ್ಲಿ ಆ ಬರಹ ಇದೆಯಾ? ಇನ್ನೊಂದು ವಿಳಾಸ: ಆ ಬರಹ ಇರುವ ಜಾಗದ ಹೆಸರು ನಿಮ್ಮದಾ? ಮೂರನೆಯದು ಓದುಗರ ದಾರಿ: ನಾಳೆ ಆ ತಾಣ ಮುಚ್ಚಿದರೆ ನಿಮ್ಮನ್ನು ಓದುವವರಿಗೆ ನೀವು ಸಿಗುತ್ತೀರಾ? ಈ ಮೂರನ್ನು ವಾಪಸ್ ತೆಗೆದುಕೊಳ್ಳುವುದೇ ನಾವು ಮಾಡಬೇಕಾದ ಕೆಲಸ.

ತಾಣ ಮುಚ್ಚುವುದು ಬರೀ ಹೆದರಿಕೆಯ ಮಾತಲ್ಲ. ಜನ ತಮ್ಮ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಅದೇ ವರ್ಷ ಮೈಸ್ಪೇಸ್, ಸರ್ವರ್ ಬದಲಿಸುವಾಗ 2016ಕ್ಕಿಂತ ಮೊದಲು ಜನ ಹಾಕಿದ್ದ ಹಾಡು, ಫೋಟೋ, ವಿಡಿಯೋ ಎಲ್ಲ ಕಳೆದುಹೋಗಿದೆ ಅಂತ ಒಪ್ಪಿಕೊಂಡಿತು. 5 ಕೋಟಿಗೂ ಹೆಚ್ಚು ಹಾಡುಗಳು! ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಹಾಕಿದಾಗ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ತಾಣ ಮುಚ್ಚಲೇಬೇಕು ಅಂತಲೂ ಇಲ್ಲ, ಅಕೌಂಟ್ ಒಂದು ಲಾಕ್ ಆದರೂ ಸಾಕು. ನನ್ನ ಗೆಳೆಯನೊಬ್ಬ ಹಕ್ಕಿಗಳ ಫೋಟೋ ತೆಗೆಯುತ್ತಾನೆ, ಒಂದೊಂದು ಫೋಟೋ ಕೆಳಗೂ ಆ ಹಕ್ಕಿಯ ಬಗ್ಗೆ ಪುಟ್ಟ ಟಿಪ್ಪಣಿ. ಯಾರೋ ಸುಳ್ಳು ದೂರು ಕೊಟ್ಟರು, ಅಕೌಂಟ್ ಬಂದ್ ಆಯಿತು. ಫೋಟೋಗಳು ಅವನ ಹಾರ್ಡ್ ಡಿಸ್ಕ್‌ನಲ್ಲಿ ಇದ್ದವು. ಒಂಬತ್ತು ವರ್ಷದ ಟಿಪ್ಪಣಿಗಳು ಮಾತ್ರ ಹೋದವು. ಅವನಿಗೆ ಜಾಸ್ತಿ ನೋವಾಗಿದ್ದು ಅದೇ.

ಹೆಜ್ಜೆ 1: ಎಣಿಕೆಯನ್ನು ಕಣ್ಣಿಂದ ಮರೆ ಮಾಡಿ

ತಾಂತ್ರಿಕ ಕೆಲಸಕ್ಕೆ ಮೊದಲು ಇದನ್ನು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಸೈಟ್ ಕಟ್ಟಿ ಅಲ್ಲೂ ಎಣಿಕೆಯ ಹಿಂದೆಯೇ ಓಡಿದರೆ ಏನೂ ಬದಲಾಗುವುದಿಲ್ಲ, ಅಲ್ವಾ?

ಈ ಚಟ ನಮ್ಮ ದೌರ್ಬಲ್ಯದಿಂದ ಮಾತ್ರ ಬಂದದ್ದಲ್ಲ, ಕಟ್ಟಿದವರು ಹಾಗೆ ಕಟ್ಟಿದ್ದಾರೆ. ಕೊನೆಯೇ ಇಲ್ಲದೆ ಕೆಳಗೆ ಸರಿಯುತ್ತಾ ಹೋಗುವ ಪುಟವನ್ನು ಏಜಾ ರಾಸ್ಕಿನ್ ಅನ್ನುವ ವಿನ್ಯಾಸಕರು 2006ರಲ್ಲಿ ರೂಪಿಸಿದರು, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪವನ್ನೂ ಪಟ್ಟರು. ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂದದ್ದು 2009ರ ಫೆಬ್ರವರಿಯಲ್ಲಿ. ಟ್ವಿಟರ್‌ಗೆ ರೀಟ್ವೀಟ್ ಬಟನ್ ಬಂದದ್ದೂ ಅದೇ ವರ್ಷ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದೇನೆಂದರೆ, ಪ್ರತಿ ಸಲ ಕುಕ್ಕಿದಾಗಲೂ ಕಾಳು ಬಿದ್ದರೆ ಹಕ್ಕಿ ಬೇಕಾದಾಗ ಮಾತ್ರ ಕುಕ್ಕುತ್ತದೆ, ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದಾಗ ಮಾತ್ರ ಬಿಡದೆ ಕುಕ್ಕುತ್ತಲೇ ಇರುತ್ತದೆ. ಒಂದು ಪೋಸ್ಟ್‌ಗೆ ಮುನ್ನೂರು, ಅಷ್ಟೇ ಶ್ರಮದ ಇನ್ನೊಂದಕ್ಕೆ ಆರು. ಮತ್ತೆ ಮತ್ತೆ ತೆರೆದು ನೋಡುವುದು ಅದಕ್ಕೇ.

ನನಗೆ ಬೇಸರ ತರಿಸಿದ್ದು ಹೋದ ಸಮಯ ಅಲ್ಲ, ನನ್ನ ಬರವಣಿಗೆ ಬದಲಾದ ರೀತಿ. ಮೊದಲ ಸಾಲಿನಲ್ಲೇ ಬೆಚ್ಚಿಬೀಳಿಸುವ ಮಾತು ಇಡಲು ಶುರು ಮಾಡಿದ್ದೆ. ಅನುಮಾನ ಇದ್ದ ಕಡೆ ಅನುಮಾನ ಬರೆಯದೆ ಖಡಕ್ಕಾಗಿ ಬರೆಯುತ್ತಿದ್ದೆ, ಯಾಕೆಂದರೆ ಖಡಕ್ ಮಾತಿಗೆ ಜನ ಸೇರುತ್ತಾರೆ. ಯಾರದೋ ಸಾವಿನ ಸುದ್ದಿ ಬಂದರೆ ಒಳಗೆ ಏನನ್ನಿಸಿತು ಅಂತ ನೋಡಿಕೊಳ್ಳುವ ಮೊದಲೇ ಏನು ಬರೆಯಲಿ ಅಂತ ಯೋಚಿಸುತ್ತಿದ್ದೆ. ಇದನ್ನು ಗಮನಿಸಿದ ದಿನ ನಿಜವಾಗಿ ಭಯ ಆಯಿತು.

ಮಾಡಬೇಕಾದ್ದು ಇಷ್ಟು. ಎಲ್ಲಾ ಆಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ, ಯಾರಾದರೂ ನೇರವಾಗಿ ಬರೆದ ಮೆಸೇಜ್ ಮಾತ್ರ ಬರಲಿ. ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ನಲ್ಲಿ ಲೈಕ್ ಎಣಿಕೆ ಮುಚ್ಚುವ ಆಯ್ಕೆ 2021ರಿಂದ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿ. ಆಮೇಲೆ ಒಂದು ಹಾಳೆ ತೆಗೆದುಕೊಂಡು ನಿಮ್ಮ ಕಳೆದ ಇಪ್ಪತ್ತು ಪೋಸ್ಟ್‌ಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ, ಇದಕ್ಕೆ ಎಷ್ಟು ಲೈಕ್ ಬಂತು ಅಂತ ಯಾರಿಗೂ, ನನಗೂ ಕಾಣಿಸದೆ ಹೋಗಿದ್ದರೆ ಇದನ್ನು ಬರೆಯುತ್ತಿದ್ದೆನಾ ಅಂತ ಕೇಳಿಕೊಂಡು ಹೌದು ಅಥವಾ ಇಲ್ಲ ಅಂತ ಗುರುತು ಹಾಕಿ. ನನಗೆ ಬಂದದ್ದು ಏಳು ಹೌದು. ಆ ಏಳನ್ನು ಸುಮ್ನೆ ಒಂದು ಸಲ ಓದಿ ನೋಡಿದೆ, ಏಳೂ ನನ್ನ ಮಾತಿನ ಹಾಗೆಯೇ ಇದ್ದವು. ನೀವು ಉಳಿಸಿಕೊಳ್ಳಬೇಕಾದದ್ದು ಏನು ಅಂತ ಈ ಹಾಳೆಯೇ ಹೇಳುತ್ತದೆ. ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಇರುವುದನ್ನೆಲ್ಲ ಡೌನ್‌ಲೋಡ್ ಮಾಡಿ

ಇದನ್ನು ನಾಳೆಗೆ ಇಡಬೇಡಿ. ಯುರೋಪಿನ ಜಿಡಿಪಿಆರ್ ಕಾನೂನು 2018ರಲ್ಲಿ ಜಾರಿಗೆ ಬಂತು, ನಮ್ಮ ಮಾಹಿತಿಯನ್ನು ನಾವು ಹೊತ್ತೊಯ್ಯುವ ಹಕ್ಕು ಅದರ 20ನೇ ವಿಧಿಯಲ್ಲಿದೆ. ಈಗ ದೊಡ್ಡ ತಾಣಗಳು ಎಲ್ಲೆಡೆಯ ಬಳಕೆದಾರರಿಗೂ ಡೌನ್‌ಲೋಡ್ ಸೌಲಭ್ಯ ಕೊಡುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಅಕೌಂಟ್ಸ್ ಸೆಂಟರ್ ಒಳಗೆ ಹೋಗಿ. ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ, ಸೆಟ್ಟಿಂಗ್ಸ್ ಒಳಗಿನ 'ಯುವರ್ ಅಕೌಂಟ್' ಭಾಗದಲ್ಲಿದೆ. ಯೂಟ್ಯೂಬ್ ಮತ್ತು ಬ್ಲಾಗರ್‌ಗೆ ಗೂಗಲ್ ಟೇಕೌಟ್. ಕೇಳಿದ ಕೂಡಲೇ ಸಿಗುವುದಿಲ್ಲ, ಒಂದು ದಿನ ಅಥವಾ ಜಾಸ್ತಿಯೇ ಬೇಕಾಗಬಹುದು. ಲಿಂಕ್ ಬಂದ ಮೇಲೆ ಅದು ಕೆಲವೇ ದಿನ ಕೆಲಸ ಮಾಡುತ್ತದೆ, ಹಾಗಾಗಿ ಮೇಲ್ ನೋಡುತ್ತಿರಿ.

ಕೇಳುವಾಗ ಮೂರು ಕಡೆ ಎಚ್ಚರ ಇರಲಿ. ದಿನಾಂಕದ ಜಾಗದಲ್ಲಿ ಇತ್ತೀಚಿನ ಅವಧಿ ಮಾತ್ರ ಇರಬಹುದು, 'ಆಲ್ ಟೈಮ್' ಮಾಡಿ. ಫೋಟೋ ಗುಣಮಟ್ಟ 'ಹೈ' ಇಡಿ. ಯಾವ ರೂಪದಲ್ಲಿ ಬೇಕು ಅಂತ ಕೇಳಿದರೆ ಎಚ್‌ಟಿಎಂಎಲ್ ಮತ್ತು ಜೇಸನ್ ಎರಡನ್ನೂ ಬೇರೆ ಬೇರೆಯಾಗಿ ತರಿಸಿಕೊಳ್ಳಿ. ಎಚ್‌ಟಿಎಂಎಲ್ ಓದಲು, ಜೇಸನ್ ಮುಂದೆ ಯಾವುದಾದರೂ ಪ್ರೋಗ್ರಾಂಗೆ ಕೊಡಲು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಗಂಟು ಇದೆ. ಫೇಸ್‌ಬುಕ್ಕಿನ ಜೇಸನ್ ಫೈಲ್ ತೆರೆದರೆ ಕನ್ನಡ ಕಾಣುವುದಿಲ್ಲ, ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ನಾನು ಎಲ್ಲಾ ಹಾಳಾಯಿತು ಅಂದುಕೊಂಡಿದ್ದೆ. ಹಾಳಾಗಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಅನ್ನುವ ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು, ಆ ಫೈಲ್‌ನಲ್ಲಿ ಮೂರು ಬೈಟ್‌ಗಳನ್ನು ಮೂರು ಬೇರೆ ಅಕ್ಷರಗಳು ಅಂತ ಬರೆದಿರುತ್ತಾರೆ. ಪ್ರೋಗ್ರಾಮಿಂಗ್ ಗೊತ್ತಿರುವ ಯಾರನ್ನಾದರೂ ಕೇಳಿ: ಲ್ಯಾಟಿನ್-1 ಅಂತ ಬೈಟ್‌ಗೆ ಇಳಿಸಿ, ಯುಟಿಎಫ್-8 ಅಂತ ಮತ್ತೆ ಓದಿಸಬೇಕು. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಯಾರೂ ಸಿಗದಿದ್ದರೆ ಎಚ್‌ಟಿಎಂಎಲ್ ಪ್ರತಿ ತೆರೆದು ಕಾಪಿ ಮಾಡಿಕೊಳ್ಳಿ, ಅಲ್ಲಿ ಕನ್ನಡ ಸರಿಯಾಗಿರುತ್ತದೆ. ನಿಮ್ಮ ತುಂಬಾ ಹಳೆಯ ಬರಹಗಳು 'ನುಡಿ' ಅಥವಾ 'ಬರಹ' ಅನ್ನುವ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿದ್ದರೆ ಅದನ್ನೂ ಈಗಲೇ ಯೂನಿಕೋಡ್‌ಗೆ ಬದಲಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು.

ಎಕ್ಸ್‌ನ ಫೈಲ್‌ನಲ್ಲಿ ಇನ್ನೊಂದು ತೊಂದರೆ. ನೀವು ಹಾಕಿದ್ದ ಲಿಂಕ್‌ಗಳೆಲ್ಲ ಅವರ ಚುಟುಕು ಲಿಂಕ್‌ಗಳಾಗಿರುತ್ತವೆ. ಪೂರ್ತಿ ವಿಳಾಸವೂ ಅದೇ ಫೈಲ್‌ನಲ್ಲಿ ಬೇರೆ ಕಡೆ ಇರುತ್ತದೆ, ಉಳಿಸಿಕೊಳ್ಳುವ ಬರಹಗಳಲ್ಲಿ ಅದನ್ನೇ ಹಾಕಿ. ಫೋಟೋಗಳ ವಿಷಯದಲ್ಲಿ, ತಾಣದಿಂದ ಬರುವ ಪ್ರತಿ ಸಾಮಾನ್ಯವಾಗಿ ಚಿಕ್ಕದು ಮಾಡಿದ್ದು, ಮೂಲ ಫೋಟೋ ನಿಮ್ಮ ಫೋನಿನಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳಿ. ಹಿಂದೆಯೇ ಅಳಿಸಿಹಾಕಿದ ಪೋಸ್ಟ್‌ಗಳು ಇದರಲ್ಲಿ ಸಿಗುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನನ್ನ ಮರೆವಿನ ಬರಹ ಸಿಗಲಿಲ್ಲ.

ಬಂದ ಜಿಪ್ ಫೈಲನ್ನು ಹಾಗೇ ಒಂದು ಕಡೆ ಮುಟ್ಟದೆ ಇಡಿ. ಕೆಲಸ ಮಾಡುವುದು ಅದರ ಪ್ರತಿಯ ಮೇಲೆ.

ಹೆಜ್ಜೆ 3: ಆರಿಸಿ, ಆದರೆ ಎಲ್ಲವನ್ನೂ ಹೊರಬೇಡಿ

ಇದು ನಿಧಾನದ ಕೆಲಸ, ಮತ್ತೆ ನನಗೆ ತುಂಬಾ ಇಷ್ಟವಾದ ಕೆಲಸ. ಮೊದಲ ಹೆಜ್ಜೆಯ ಹಾಳೆ ಪಕ್ಕದಲ್ಲಿ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ, ಹಳೆಯದರಿಂದ ಹೊಸದಕ್ಕೆ ಓದುತ್ತಾ ಬನ್ನಿ. ಬೇರೆಯವರ ಜಗಳಕ್ಕೆ ಕೊಟ್ಟ ಉತ್ತರ, ಅವತ್ತಿನ ಟ್ರೆಂಡ್, ಯಾರನ್ನೋ ಕುಟುಕಿದ್ದು, ಇವು ಜಿಪ್‌ನಲ್ಲೇ ಇರಲಿ. ಹೊರಗೆ ತೆಗೆಯಬೇಕಾದ್ದು ಇನ್ನೂ ಉಸಿರಾಡುತ್ತಿರುವ ಬರಹ. ನನ್ನದು ಸಾವಿರದ ಮೇಲೆ ಪೋಸ್ಟ್‌ಗಳು ಇದ್ದವು, ಉಳಿದದ್ದು ತೊಂಬತ್ತು ಚಿಲ್ಲರೆ. ಅದರಲ್ಲಿ ಅರ್ಧಕ್ಕೂ ಹೆಚ್ಚಿನವು ಜಾಸ್ತಿ ಲೈಕ್ ಬಾರದೇ ಇದ್ದವು! ಹತ್ತು ಹತ್ತು ಲೈಕ್ ಬಂದ ಬರಹಗಳನ್ನು ಐದು ವರ್ಷದ ನಂತರ ಓದಿ, ಇದನ್ನು ನಾನೇ ಬರೆದೆನಾ ಅಂತ ಖುಷಿಪಟ್ಟೆ. ಮುನ್ನೂರು ಬಂದವುಗಳಲ್ಲಿ ಬಹಳಷ್ಟನ್ನು ಪೂರ್ತಿ ಓದಲು ಆಗಲಿಲ್ಲ.

ಆ ಜಿಪ್‌ನಲ್ಲಿ ಬೇರೆಯವರ ಮೆಸೇಜ್, ಬೇರೆಯವರ ಫೋಟೋ ಕೂಡ ಇರುತ್ತವೆ. ಅವು ನಿಮ್ಮವಲ್ಲ. ಒಳ್ಳೆಯ ಕಾಮೆಂಟ್ ಇದ್ದರೂ ಬರೆದವರನ್ನು ಕೇಳದೆ ನಿಮ್ಮ ಪುಟಕ್ಕೆ ತರಬೇಡಿ.

ಆರಿಸಿದ ಒಂದೊಂದನ್ನೂ ಒಂದೊಂದು ಸರಳ ಪಠ್ಯ ಫೈಲ್ ಮಾಡಿ. ಮಾರ್ಕ್‌ಡೌನ್ ಅನ್ನುವ ಬರೆಯುವ ಕ್ರಮ 2004ರಿಂದ ಇದೆ, ಕಲಿಯಲು ಹತ್ತು ನಿಮಿಷ ಸಾಕು: ಶೀರ್ಷಿಕೆಗೆ ಮುಂದೆ ಒಂದು ಹ್ಯಾಷ್ ಚಿಹ್ನೆ, ಒತ್ತಿ ಹೇಳಲು ಎರಡು ಕಡೆ ನಕ್ಷತ್ರ, ಅಷ್ಟೇ. ಯಾವ ಕಂಪೆನಿ ಇರಲಿ ಹೋಗಲಿ, ಪಠ್ಯ ಫೈಲ್ ತೆರೆಯುತ್ತದೆ. ಫೈಲ್ ಹೆಸರಿನ ಮೊದಲಿಗೆ ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ, ಫೋಲ್ಡರ್ ತಾನಾಗಿ ಕಾಲಕ್ರಮದಲ್ಲಿ ಕೂರುತ್ತದೆ. ಮೊದಲು ಬರೆದ ದಿನಾಂಕವನ್ನೇ ಇಡಿ, ಇವತ್ತಿನದ್ದಲ್ಲ. ಇನ್ನು ಮುಂದೆ ಬರೆಯುವುದೂ ಮೊದಲು ಈ ಫೋಲ್ಡರಿನಲ್ಲೇ ಶುರುವಾಗಲಿ. ಇಲ್ಲಿಗೇ ನಿಂತರೂ ದೊಡ್ಡ ಕೆಲಸವೇ ಆಯಿತು, 'ಪ್ರತಿ' ನಿಮ್ಮದಾಯಿತು.

ಹೆಜ್ಜೆ 4: ಸ್ವಂತ ವಿಳಾಸ

ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಯಾರೂ ಪೂರ್ತಿ ಕೊಳ್ಳುವುದಿಲ್ಲ, ವರ್ಷದ ಲೆಕ್ಕದಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಡಾಟ್ ಕಾಮ್ ಥರದ ಹೆಸರುಗಳನ್ನು ಒಂದು ಸಲಕ್ಕೆ ಜಾಸ್ತಿ ಅಂದರೆ 10 ವರ್ಷಕ್ಕೆ ಮಾಡಿಸಬಹುದು. ಆದರೂ ಇದು ನಿಮ್ಮ ಹಿಡಿತದಲ್ಲಿ ಇರುತ್ತದೆ, ಯಾಕೆಂದರೆ ಪುಟಗಳನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವ, ಅಂದರೆ ಹೋಸ್ಟ್ ಮಾಡುವ ಕಂಪೆನಿ ಬದಲಿಸಿದರೂ, ನೋಂದಣಿ ಕಂಪೆನಿಯನ್ನೇ ಬದಲಿಸಿದರೂ, ಹೆಸರು ನಿಮ್ಮ ಜೊತೆ ಬರುತ್ತದೆ.

ಹೆಸರು ಆರಿಸುವಾಗ ಫೋನಿನಲ್ಲಿ ಬಾಯಿಮಾತಿಗೆ ಹೇಳಿ ನೋಡಿ. ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಿದರೆ ಅದು ಒಳ್ಳೆಯ ಹೆಸರು. 'ಆ'ಕಾರಕ್ಕೆ ಒಂದು ಎ ಹಾಕಬೇಕಾ ಎರಡಾ ಅಂತ ಅವರು ಕೇಳಿದರೆ ಬೇರೆ ಹೆಸರು ನೋಡಿ. ಹೈಫನ್, ಅಂಕಿ ಬೇಡ. ಇವತ್ತಿನ ಆಸಕ್ತಿಯ ಹೆಸರಿಗಿಂತ ನಿಮ್ಮದೇ ಹೆಸರು ವಾಸಿ, ಆಸಕ್ತಿ ಬದಲಾಗುತ್ತದೆ.

ಕಳೆದುಕೊಳ್ಳದಿರಲು ಒಂದಿಷ್ಟು. ಆಟೋ ರಿನ್ಯೂವಲ್ ಆನ್ ಮಾಡಿ, ಅದರ ಜೊತೆ ಕ್ಯಾಲೆಂಡರಿನಲ್ಲೂ ನೆನಪು ಹಾಕಿ, ಕಾರ್ಡ್ ಬದಲಾದರೆ ಆಟೋ ರಿನ್ಯೂವಲ್ ಸದ್ದಿಲ್ಲದೆ ನಿಲ್ಲಬಹುದು. ಎರಡು ಹಂತದ ಲಾಗಿನ್ ಇಡಿ. ಮನೆ ವಿಳಾಸ ಹೊರಗೆ ಕಾಣದ ಹಾಗೆ ಪ್ರೈವೆಸಿ ಆಯ್ಕೆ ಆನ್ ಮಾಡಿ. ನೋಂದಣಿ ಅಕೌಂಟಿಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು, ಇದನ್ನು ತುಂಬಾ ಜನ ಮರೆಯುತ್ತಾರೆ. ಡೊಮೇನ್ ಕೈಕೊಟ್ಟ ದಿನ ಆ ಇಮೇಲೂ ಕೈಕೊಡುತ್ತದೆ, ಆಗ ಪಾಸ್‌ವರ್ಡ್ ಸರಿಪಡಿಸುವ ಮೇಲ್ ಎಲ್ಲಿಗೆ ಬರಬೇಕು?

ಹೆಜ್ಜೆ 5: ಪುಟ ಕಟ್ಟುವುದು

ಇಲ್ಲಿ ಜನ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ, ಯಾವ ಸಾಫ್ಟ್‌ವೇರ್ ಅಂತ ಹೋಲಿಸುತ್ತಾ. ನನ್ನ ಮಟ್ಟಿಗೆ ಎರಡೇ ಷರತ್ತು. ನನ್ನ ಸ್ವಂತ ಡೊಮೇನ್ ಜೋಡಿಸಲು ಬಿಡುತ್ತದಾ? ನಾಳೆ ಎಲ್ಲವನ್ನೂ ಎತ್ತಿಕೊಂಡು ಹೋಗಲು ಬಿಡುತ್ತದಾ? ಎರಡಕ್ಕೂ ಹೌದು ಅಂದರೆ ಯಾವುದಾದರೂ ನಡೆಯುತ್ತದೆ.

ತಾಂತ್ರಿಕ ತಲೆನೋವು ಬೇಡ ಅನ್ನುವವರಿಗೆ ವರ್ಡ್‌ಪ್ರೆಸ್ ಅಥವಾ ಬ್ಲಾಗರ್ ಸಾಕು, ಎರಡರಲ್ಲೂ ಪೂರ್ತಿ ಎಕ್ಸ್‌ಪೋರ್ಟ್ ಇದೆ. ಸ್ವಲ್ಪ ಕಲಿಯುವ ಮನಸ್ಸಿದ್ದರೆ ಸ್ಟ್ಯಾಟಿಕ್ ಸೈಟ್ ಮಾಡಿ, ನಾನು ಮಾಡಿರುವುದು ಅದನ್ನೇ. ನಿಮ್ಮ ಮಾರ್ಕ್‌ಡೌನ್ ಫೋಲ್ಡರನ್ನು ಹ್ಯೂಗೋ, ಜೆಕಿಲ್ ಅಥವಾ ಇಲೆವೆಂಟಿ ಥರದ ಪ್ರೋಗ್ರಾಂಗೆ ಕೊಟ್ಟರೆ ಅದು ಸಿದ್ಧ ಪುಟಗಳನ್ನು ಮಾಡಿಕೊಡುತ್ತದೆ. ಹಿಂದೆ ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ಲಾಗಿನ್ ಪುಟ ಇಲ್ಲ, ಹತ್ತು ವರ್ಷ ಮುಟ್ಟದಿದ್ದರೂ ಪುಟಗಳು ಹಾಗೇ ಇರುತ್ತವೆ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಇಂಥವನ್ನು ದುಡ್ಡಿಲ್ಲದೆ ಇಟ್ಟುಕೊಳ್ಳುತ್ತವೆ. ಒಂದು ಎಚ್ಚರ: ಗಿಟ್‌ಹಬ್‌ನ ಉಚಿತ ಅಕೌಂಟಿನಲ್ಲಿ ಪೇಜಸ್ ಬಳಸಲು ರೆಪೊಸಿಟರಿ, ಅಂದರೆ ಫೈಲ್‌ಗಳನ್ನು ಇಡುವ ಜಾಗ, ಎಲ್ಲರಿಗೂ ಕಾಣುವ ಹಾಗೆ ಇಡಬೇಕು, ಹಾಗಾಗಿ ಅರ್ಧ ಬರೆದ ಕರಡುಗಳನ್ನು ಅಲ್ಲಿ ಇಡಬೇಡಿ.

ಸೈಟ್ ಮತ್ತು ಓದುಗರ ನಡುವಿನ ಸಂಪರ್ಕವನ್ನು ಸುರಕ್ಷಿತ ಮಾಡುವ ಎಚ್‌ಟಿಟಿಪಿಎಸ್ ಬೀಗಕ್ಕೆ ಈಗ ದುಡ್ಡು ಕೊಡಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಉಚಿತವಾಗಿ ಕೊಡುತ್ತಿದೆ, ಹೆಚ್ಚಿನ ಹೋಸ್ಟಿಂಗ್‌ಗಳು ತಾವೇ ಹಾಕಿಕೊಡುತ್ತವೆ.

ಬರಹದ ವಿಳಾಸದ ಬಗ್ಗೆ ಸ್ವಲ್ಪ ಯೋಚಿಸಿ, ಯಾಕೆಂದರೆ ಇದನ್ನು ಆಮೇಲೆ ಬದಲಿಸಬಾರದು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಒಳ್ಳೆಯ ವಿಳಾಸ ಬದಲಾಗಬಾರದು ಅಂತ 1998ರಲ್ಲೇ ಬರೆದಿದ್ದರು. ವಿಳಾಸದ ಕೊನೆಯ ಭಾಗವನ್ನು ಕನ್ನಡ ಲಿಪಿಯಲ್ಲಿ ಇಡುವುದು ನನಗೂ ಇಷ್ಟವಿತ್ತು, ಮಾಡಿಯೂ ನೋಡಿದೆ. ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಪಿ ಮಾಡಿ ಯಾರಿಗಾದರೂ ಕಳಿಸಿದರೆ ಮಾತ್ರ ಒಂದೊಂದು ಚಿಹ್ನೆಯೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿಬಿಡುತ್ತದೆ. 'ಮರೆವು' ಅನ್ನುವ ಪುಟ್ಟ ಪದ 45 ಚಿಹ್ನೆಗಳ ಬಾಲ ಆಗುತ್ತದೆ. ಅದನ್ನು ನೋಡಿ ಜನ ವೈರಸ್ ಲಿಂಕ್ ಅಂದುಕೊಂಡರು. ಈಗ ವರ್ಷ, ಅದರ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಚಿಕ್ಕ ಕನ್ನಡ ಪದ, ಅಷ್ಟೇ ಇಡುತ್ತೇನೆ.

ಓದಲು ಹಿತವಾಗಬೇಕಾದರೆ ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ನಮೂದಿಸಿ, ಕಣ್ಣು ಕಾಣದವರು ಬಳಸುವ ಓದುವ ಸಾಫ್ಟ್‌ವೇರ್ ಅದನ್ನು ನೋಡಿಯೇ ಸರಿಯಾದ ದನಿ ಆರಿಸುತ್ತದೆ. ನೋಟೋ ಸೆರಿಫ್ ಕನ್ನಡ ಥರದ ಮುಕ್ತ ಫಾಂಟ್ ಬಳಸಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಜಾಗ ಸಾಲದಿದ್ದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅಕ್ಷರ ಗಾತ್ರದ 1.8 ಪಟ್ಟು ಇಟ್ಟರೆ ನನ್ನ ಕಣ್ಣಿಗೆ ಸರಿ ಅನ್ನಿಸಿತು. ಫೋಟೋ ಹಾಕುವ ಮೊದಲು ಅದರೊಳಗಿನ ಜಿಪಿಎಸ್ ಮಾಹಿತಿ ತೆಗೆಯಿರಿ, ತೆಗೆದ ಜಾಗದ ಗುರುತು ಫೈಲ್ ಒಳಗೇ ಇರುತ್ತದೆ. ಸಾಮಾನ್ಯವಾಗಿ ದೊಡ್ಡ ತಾಣಗಳು ಅದನ್ನು ತಾವೇ ತೆಗೆದು ತೋರಿಸುತ್ತವೆ, ನಿಮ್ಮ ಸೈಟಿನಲ್ಲಿ ಅದು ನಿಮ್ಮ ಕೆಲಸ.

ಎಷ್ಟು ಜನ ಬಂದರು ಅಂತ ಎಣಿಸುವ ಉಪಕರಣ? ಹಾಕಬೇಡಿ. ನಾನು ಮೊದಲ ತಿಂಗಳು ಹಾಕಿದ್ದೆ, ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡುತ್ತಿದ್ದೆ. ಹಳೆಯ ಜ್ವರವೇ. ಕಿತ್ತುಹಾಕಿದೆ. ಪ್ರತಿ ಬರಹದ ಕೊನೆಗೆ ಇಮೇಲ್ ವಿಳಾಸ ಇಟ್ಟಿದ್ದೇನೆ, ಏನಾದರೂ ಹೇಳಬೇಕು ಅನ್ನಿಸಿದವರು ಬರೆಯುತ್ತಾರೆ.

ಹೆಜ್ಜೆ 6: ಓದುಗರಿಗೆ ನೇರ ದಾರಿ

ಆರ್‌ಎಸ್‌ಎಸ್ ಬಗ್ಗೆ ಹೇಳಿದರೆ ಈಗಿನವರು ಅದೇನು ಅಂತ ಕೇಳುತ್ತಾರೆ. 1999ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪೆನಿಯಲ್ಲಿ ಹುಟ್ಟಿದ್ದು. ನಿಮ್ಮ ಸೈಟಿನಲ್ಲಿ ಒಂದು ಫೈಲ್ ಇರುತ್ತದೆ, ಹೊಸದು ಬರೆದಾಗಲೆಲ್ಲ ಅದರಲ್ಲಿ ಸೇರುತ್ತದೆ, ಓದುಗರ ಆಪ್ ಅದನ್ನು ಆಗಾಗ ನೋಡಿ ತಂದುಕೊಡುತ್ತದೆ. ನಡುವೆ ಯಾರೂ ಇಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಅಂತ ನಿರ್ಧರಿಸುವ ಅಲ್ಗಾರಿದಂ ಇಲ್ಲ, ಬರೆದ ಕ್ರಮದಲ್ಲೇ ಬರುತ್ತದೆ. 2013ರ ಜುಲೈನಲ್ಲಿ ಇಂಥ ಓದುವ ಸೇವೆಯಾದ ಗೂಗಲ್ ರೀಡರ್ ಮುಚ್ಚಿದಾಗ ಇದೂ ಸತ್ತಿತು ಅಂತ ಜನ ಅಂದುಕೊಂಡರು. ಸತ್ತಿಲ್ಲ, ಪಾಡ್‌ಕಾಸ್ಟ್‌ಗಳು ಹಂಚಿಕೆಯಾಗುವುದು ಇವತ್ತಿಗೂ ಇದರ ಮೇಲೆಯೇ. ಮೇಲೆ ಹೇಳಿದ ಹೆಚ್ಚಿನ ಸಾಫ್ಟ್‌ವೇರ್‌ಗಳು ಇದನ್ನು ತಾವೇ ಮಾಡಿಕೊಡುತ್ತವೆ, ಇಲ್ಲದಿದ್ದರೆ ಒಂದು ಪ್ಲಗಿನ್ ಸೇರಿಸಿದರೆ ಆಯಿತು. ನೀವು ನೋಡಬೇಕಾದ್ದು ಮೂರು ಸಾಲಿನ ತುಣುಕು ಕೊಡದೆ ಪೂರ್ತಿ ಬರಹ ಕೊಡುತ್ತಿದೆಯಾ ಅಂತ. ಸೈಟಿನಲ್ಲಿ ಒಂದು ಪುಟದಲ್ಲಿ ಇದನ್ನು ಬಳಸುವುದು ಹೇಗೆ ಅಂತ ನಾಲ್ಕು ಸಾಲು ಬರೆಯಿರಿ, ಫೀಡ್ಲಿ, ಇನೋರೀಡರ್ ಥರದ ಆಪ್‌ಗಳ ಹೆಸರು ಕೊಡಿ. ಗೊತ್ತಿಲ್ಲದವರು ಜಾಸ್ತಿ.

ಆಪ್ ಹಾಕಿಕೊಳ್ಳದವರಿಗೆ ಇಮೇಲ್. ಯಾವ ಸೇವೆಯಾದರೂ ಸರಿ, ಓದುಗರ ಪಟ್ಟಿಯನ್ನು ನೀವು ಯಾವಾಗ ಬೇಕಾದರೂ ಫೈಲ್ ಮಾಡಿ ಇಳಿಸಿಕೊಳ್ಳುವ ಹಾಗಿರಬೇಕು. ಎಷ್ಟು ಜನ ಮೇಲ್ ತೆರೆದರು ಅಂತ ತೋರಿಸುವ ಟ್ರ್ಯಾಕಿಂಗ್ ಇದ್ದರೆ ಆಫ್ ಮಾಡಿ. ಕಾರಣ ನಿಮಗೆ ಗೊತ್ತು.

ಹೆಜ್ಜೆ 7: ಸೋಷಿಯಲ್ ಮೀಡಿಯಾವನ್ನು ಈಗ ಹೇಗೆ ಬಳಸುವುದು

ಇಂಡೀವೆಬ್ ಅನ್ನುವ ಗುಂಪಿನವರು ಒಂದು ಪದ್ಧತಿ ರೂಢಿಗೆ ತಂದಿದ್ದಾರೆ: ಮೊದಲು ಸ್ವಂತ ಸೈಟಿನಲ್ಲಿ, ಆಮೇಲೆ ಬೇರೆ ಕಡೆ. ನಾನು ಮಾಡುವುದೂ ಹಾಗೆಯೇ. ಬರೆದು ನನ್ನ ಪುಟದಲ್ಲಿ ಹಾಕುತ್ತೇನೆ. ಮಾರನೇ ದಿನ ಅದನ್ನೇ ಪೂರ್ತಿಯಾಗಿ ಸೋಷಿಯಲ್ ಮೀಡಿಯಾದಲ್ಲೂ ಹಾಕಿ, ಕೊನೆಗೆ ಮೂಲ ವಿಳಾಸ ಕೊಡುತ್ತೇನೆ. ಕೆಲವರು ಲಿಂಕ್ ಮಾತ್ರ ಹಾಕಿ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲೇ ಇರುವ ಓದುಗ ಅಲ್ಲೇ ಓದಲಿ, ಅವನನ್ನು ಎಳೆದು ತರುವುದೂ ಗಮನ ಬೇಡುವುದೇ. ಒಂದು ದಿನ ತಡ ಮಾಡುವುದರಿಂದ ಇನ್ನೊಂದು ಲಾಭವಿದೆ, ರಾತ್ರಿ ಸಿಟ್ಟಿನಲ್ಲಿ ಬರೆದದ್ದು ಬೆಳಿಗ್ಗೆ ಬೇಡ ಅನ್ನಿಸಿದರೆ ತಿದ್ದಲು ಸಮಯ ಇರುತ್ತದೆ.

ಹಾಕಿದ ಮೇಲೆ ಆಪ್ ಮುಚ್ಚಿ. ಮಾರನೇ ದಿನ ಒಂದು ಸಲ ತೆರೆದು ಕಾಮೆಂಟ್‌ಗಳಿಗೆ ಮನಸಿಟ್ಟು ಉತ್ತರ ಬರೆಯಿರಿ. ಪ್ರೊಫೈಲ್‌ನಲ್ಲಿ ನಿಮ್ಮ ವಿಳಾಸ ಇರಲಿ.

ಮೊದಲ ಕೆಲವು ತಿಂಗಳು ತುಂಬಾ ನಿಶ್ಶಬ್ದವಾಗಿರುತ್ತದೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಬಿಟ್ಟು ವಾಪಸ್ ಹೋಗುವುದು ಇಲ್ಲೇ. ಬರೆದು ಹಾಕುತ್ತೀರಿ, ಏನೂ ಆಗುವುದಿಲ್ಲ. ಯಾರೂ ಇಲ್ಲವೇನೋ ಅನ್ನಿಸುತ್ತದೆ. ನಾನು ಆ ದಿನಗಳಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ: ನಾನು ಓದಿ ಇಷ್ಟಪಟ್ಟ ಬರಹಗಳ ಲೇಖಕರಿಗೆ, ವಾರಕ್ಕೊಬ್ಬರಿಗೆ, ಮೇಲ್ ಬರೆಯುವುದು. ಬರೀ ಚೆನ್ನಾಗಿದೆ ಅಂತಲ್ಲ, ಯಾವ ಸಾಲು ಮನಸ್ಸಿಗೆ ತಾಗಿತು, ಯಾಕೆ ಅಂತ. ಹಲವರು ಉತ್ತರ ಬರೆದರು. ಕೆಲವರು ಈಗ ಗೆಳೆಯರು. ನನ್ನೊಳಗಿನ ಹಸಿವು ಲೈಕಿನದ್ದಾಗಿರಲಿಲ್ಲ, ಯಾರಾದರೂ ಮನಸ್ಸು ಕೊಟ್ಟು ಓದಲಿ ಅನ್ನುವುದಾಗಿತ್ತು, ಅದನ್ನು ಬೇರೆಯವರಿಗೆ ಕೊಡುತ್ತಾ ಹೋದಾಗಲೇ ಗೊತ್ತಾಗಿದ್ದು.

ಹೆಜ್ಜೆ 8: ಕಾಪಾಡಿಕೊಳ್ಳುವುದು

ಫೋಟೋಗ್ರಾಫರ್‌ಗಳಲ್ಲಿ ಬಳಕೆಯಲ್ಲಿರುವ 3-2-1 ಲೆಕ್ಕ ಇದಕ್ಕೂ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಪಠ್ಯ ತುಂಬಾ ಚಿಕ್ಕದು, ನನ್ನ ಅಷ್ಟೂ ಬರಹ ಸೇರಿದರೆ ಒಂದು ಫೋಟೋದಷ್ಟೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ನಿಜವಾಗಿ ತೆರೆದು ನೋಡಿ, ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡಬೇಡಿ. 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ವಿಳಾಸ ಕೊಟ್ಟು ಉಳಿಸುವ ಸೌಲಭ್ಯವಿದೆ, ಮುಖ್ಯವಾದವನ್ನು ಅಲ್ಲೂ ಸೇರಿಸಿ.

ನಿಮ್ಮ ಬರಹವನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಸೈಟಿನ ಕೆಳಗೆ ಒಂದು ಸಾಲು ಬರೆಯಿರಿ. ಹಂಚಿಕೊಳ್ಳಲು ಬಿಡುವುದಾದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳಿವೆ, ಆದರೆ ಒಮ್ಮೆ ಕೊಟ್ಟದ್ದನ್ನು ವಾಪಸ್ ಪಡೆಯಲು ಬರುವುದಿಲ್ಲ, ಯೋಚಿಸಿ ಕೊಡಿ. ಪುಟಗಳನ್ನು ತಾನಾಗಿ ಓದಿ ಎತ್ತಿಕೊಂಡು ಹೋಗುವ ಎಐ ಕಂಪೆನಿಗಳ ಬಾಟ್‌ಗಳು ಬೇಡ ಅಂದರೆ, ಬಾಟ್‌ಗಳಿಗೆ ಸೂಚನೆ ಬರೆದಿಡುವ ರೋಬೋಟ್ಸ್ ಫೈಲ್‌ನಲ್ಲಿ ಹೇಳಬಹುದು. ಅದು ವಿನಂತಿ ಮಾತ್ರ, ಬೀಗ ಅಲ್ಲ, ಪಾಲಿಸದವರನ್ನು ಅದು ತಡೆಯುವುದಿಲ್ಲ.

ಡೊಮೇನ್, ಹೋಸ್ಟಿಂಗ್, ಇಮೇಲ್ ಎಲ್ಲೆಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ನಂಬಿಕಸ್ತರೊಬ್ಬರಿಗೆ ಕೊಟ್ಟಿಡಿ. ನಾವಿಲ್ಲದ ಮೇಲೆ ಬರಹ ಉಳಿಯಬೇಕಾದರೆ ಇನ್ನೊಬ್ಬರಿಗೆ ಬೀಗದ ಕೈ ಎಲ್ಲಿದೆ ಅಂತ ಗೊತ್ತಿರಬೇಕು.

ಆ ಮರೆವಿನ ಬರಹವನ್ನು ಕೊನೆಗೆ ನೆನಪಿನಿಂದ ಮತ್ತೆ ಬರೆದೆ. ನನ್ನ ಸೈಟಿನಲ್ಲಿ ಮೊದಲು ಹಾಕಿದ್ದು ಅದನ್ನೇ. ಕೇಳಿದ್ದ ಓದುಗರಿಗೆ ವಿಳಾಸ ಕಳಿಸಿದೆ. ನಾಲ್ಕು ದಿನ ಬಿಟ್ಟು ಉದ್ದದ ಮೇಲ್ ಬಂತು. ಎರಡನೇ ಪ್ಯಾರಾ ಮೊದಲಿನ ಹಾಗಿಲ್ಲ, ಅಲ್ಲಿ ಒಂದು ಹಳೆಯ ಟ್ರಂಕಿನ ಮಾತಿತ್ತು, ಅದು ಬಿಟ್ಟುಹೋಗಿದೆ ಅಂತ ಬರೆದಿದ್ದರು. ಅವರು ಹೇಳಿದ ಮೇಲೆ ನನಗೂ ನೆನಪಾಯಿತು. ಫೈಲ್ ತೆರೆದು ಟ್ರಂಕನ್ನು ವಾಪಸ್ ಸೇರಿಸಿದೆ.